ಕಡೆಯ ಬೊಟ್ಟು

ನಮ್ಮೂರಲ್ಲಿ ಚಿತ್ರ ಬಿಡಿಸುತ್ತಾರೆ. ಈ ಮಾತು ಬೇರೆ ಊರುಗಳಲ್ಲೂ ಉಂಟು ಎಂದು ಕೇಳಿದ್ದೇನೆ, ಆದರೆ ಅಲ್ಲಿ ಅದು ಬರೀ ಬಾಯಿಮಾತು. ಅವರು ಗೋಡೆಯ ಮೇಲೆ ಬೀಡಿಯ ಚಿತ್ರ ಬಿಡಿಸಿದರೆ ಗೋಡೆಗೊಂದು ಬೀಡಿ ಬರುತ್ತದೆ, ಅಷ್ಟೇ. ನಮ್ಮಲ್ಲಿ ಬಿಡಿಸಿದರೆ ಸೇದುವವನಿಂದ ಬೀಡಿ ಬಿಟ್ಟುಹೋಗುತ್ತದೆ. ಅವರೆಕಾಯಿ ಬಿಡಿಸಿದ ಹಾಗೆ, ಜಗಳ ಬಿಡಿಸಿದ ಹಾಗೆ, ತಲೆಯ ಸಿಕ್ಕು ಬಿಡಿಸಿದ ಹಾಗೆ ನಾವು ಚಿತ್ರವನ್ನೂ ಬಿಡಿಸುತ್ತೇವೆ. ಹೀಗೇಕೆ ಎಂದು ಕೇಳಬೇಡಿ. ನಾನು ಚಿಕ್ಕವನಿದ್ದಾಗ ಕೇಳಿ ಅಪ್ಪನಿಂದ ಕುಂಚದ ಹಿಡಿಯಲ್ಲಿ ಪೆಟ್ಟು ತಿಂದಿದ್ದೇನೆ.

ಕ್ರಮ ಸುಲಭ. ಚಟವೋ, ಭಯವೋ, ಸಿಟ್ಟೋ, ಹಂಬಲವೋ, ಯಾವುದು ನಿಮ್ಮನ್ನು ಹಿಡಿದುಕೊಂಡಿದೆಯೋ ಅದನ್ನು ಬಿಡಿಸುವವನಿಗೆ ಬಂದು ಹೇಳಬೇಕು. ಅವನು ಅದನ್ನು ನಿಮ್ಮ ಮನೆಯ ಬೀದಿಗೋಡೆಯ ಮೇಲೆ ಬರೆದು, ಒಂದು ಬೊಟ್ಟು ಮಾತ್ರ ಉಳಿಸುತ್ತಾನೆ. ಆ ಕಡೆಯ ಬೊಟ್ಟನ್ನು ನೀವೇ, ದೀಪದ ಮಸಿಯಲ್ಲಿ ನಿಮ್ಮ ಬೆರಳು ಅದ್ದಿ ಇಡಬೇಕು. ಮರುದಿನ ಕೋಳಿ ಕೂಗುವಷ್ಟರಲ್ಲಿ ಹಿಡಿದದ್ದು ಬಿಟ್ಟಿರುತ್ತದೆ. ಬೊಟ್ಟಿಲ್ಲದಿದ್ದರೆ ಅದು ಬರೀ ಬಣ್ಣ. ಅಂಥದ್ದನ್ನು ನಮ್ಮೂರಲ್ಲಿ ಯಾರೂ ಬರೆಸುವುದಿಲ್ಲ, ಉಪ್ಪಿಲ್ಲದ ಸಾರು ಯಾರಿಗೆ ಬೇಕು. ಇನ್ನು ಚಿತ್ರದ ಮೇಲೆ ಸುಣ್ಣ ಬಳಿದರೆ ಬಿಟ್ಟದ್ದು ಮತ್ತೆ ಬಂದು ಹಿಡಿಯುತ್ತದೆ. ಅದಕ್ಕೇ ಬೀದಿಗೋಡೆಯ ಚಿತ್ರಗಳಿಗೆ ಸುಣ್ಣ ಹಚ್ಚಬಾರದೆಂದು ಪಂಚಾಯ್ತಿಯ ಕಟ್ಟಪ್ಪಣೆ. ದೀಪಾವಳಿಗೆ ನಮ್ಮ ಮನೆಗಳ ಒಳಗೋಡೆಗಳೆಲ್ಲ ಬೆಳ್ಳಗೆ ಹೊಳೆಯುತ್ತವೆ, ಹೊರಗೋಡೆಗಳ ಮೇಲೆ ಮಾತ್ರ ಅಜ್ಜಂದಿರ ಕಾಲದ ಹುಕ್ಕಾ, ನಶ್ಯದ ಡಬ್ಬಿ, ಇಸ್ಪೀಟಿನ ರಾಣಿ, ಸಂಬಂಧ ಕೂಡದೆ ಹೋದ ಹುಡುಗಿಯರ ಮುಖ. ನಮ್ಮೂರಿಗೆ ಹೆಣ್ಣು ಕೊಡುವವರು ಒಳಗೆ ಕಾಲಿಡುವ ಮೊದಲು ಹೊರಗೋಡೆಯನ್ನು ಮೇಲಿಂದ ಕೆಳಗೆ ಓದುತ್ತಾರೆ. ಗೋಡೆ ಖಾಲಿ ಇದ್ದರೆ ಅನುಮಾನ, ತುಂಬಿದ್ದರೂ ಅನುಮಾನ.

ಊರಿಗೆಲ್ಲ ಬಿಡಿಸುವ ಮನೆತನ ಒಂದೇ, ನಮ್ಮದು. ಅಪ್ಪ ದ್ಯಾಮಪ್ಪನ ಕೈ ಎಂಥದೆಂದರೆ, ಅವನು ಬಿಡಿಸಿದ ಸಾರಾಯಿ ಶೀಶೆಗೆ ಊರಿನ ಅರ್ಧ ಗಂಡಸರು ಬಾಯಿಟ್ಟು ನೋಡಿದ್ದಾರೆ, ಗೋಡೆಯ ಆ ಜಾಗ ಇಂದಿಗೂ ನುಣ್ಣಗಿದೆ. ನಾನು ಅವನ ಒಬ್ಬನೇ ಮಗ, ಹಾಗಾಗಿ ಅವನ ನಂತರ ಊರಿಗೆ ಬೇರೆ ದಾರಿ ಇರಲಿಲ್ಲ. ನನ್ನ ಹೆಸರು ವಿರೂಪಾಕ್ಷಪ್ಪ. ಹೆಸರೇ ಹಾಗಿರುವಾಗ ಬರೆದ ಕಣ್ಣು ಸುರೂಪ ಎಲ್ಲಿಂದ ಆದೀತು ಎಂದು ಜನ ನಗುತ್ತಾರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆ ಇದೆಯಲ್ಲ, ನನಗೆ ಅವರಪ್ಪನನ್ನು ಮಾಡಲೂ ಬಂದಿಲ್ಲ. ಆದರೆ ಯಾರಾದರೂ ಇದನ್ನು ಮುಖದ ಮೇಲೆ ಹೇಳಿದರೆ ನಾನು ಒಪ್ಪುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಊರಿನ ಗೋಡೆಗಳೆಲ್ಲ ಡೊಂಕು, ಗಾರೆಯೆಲ್ಲ ಹಸಿ, ಬಿಸಿಲೆಲ್ಲ ಓರೆ.

ತೊಂದರೆ ಏನೆಂದರೆ, ಚಿತ್ರ ಯಾವುದನ್ನು ಹೋಲುತ್ತದೋ ಅದೇ ಬಿಡುವುದು. ಗುರುಪಾದಪ್ಪ ಮಾಸ್ತರರು ಎಲೆ ಅಡಿಕೆ ಬಿಡಬೇಕೆಂದು ಬಂದರು. ನಾನು ಬಹಳ ಮನಸ್ಸಿಟ್ಟು ಒಂದು ವೀಳ್ಯದೆಲೆ ಬರೆದೆ. ತುದಿ ಸ್ವಲ್ಪ ಉದ್ದವಾಯಿತು. ಸ್ವಲ್ಪ ಎಂದರೆ ಅದು ಅರಳಿ ಎಲೆಯಾಯಿತು. ಮರುದಿನದಿಂದ ಮಾಸ್ತರರು ನಲವತ್ತು ವರ್ಷ ಕೂತು ಹರಟಿದ್ದ ಅರಳಿಕಟ್ಟೆಯ ಕಡೆಗೆ ತಲೆ ಹಾಕಲಿಲ್ಲ. ಮನೆಯಲ್ಲೇ ಕೂತು ದಿನಕ್ಕೆ ಇಪ್ಪತ್ತು ಎಲೆ ಹಾಕುತ್ತ ಹೆಂಡತಿಗೆ ವ್ಯಾಕರಣ ಹೇಳಿಕೊಡತೊಡಗಿದರು. ಆ ತಾಯಿ ಬಂದು ನನಗೆ ಹಾಕಿದ ಶಾಪ ಇನ್ನೂ ಕಿವಿಯಲ್ಲಿದೆ. ಇನ್ನೊಬ್ಬನಿಗೆ ನಾಯಿ ಎಂದರೆ ಹೆದರಿಕೆ. ನಾನು ಬರೆದ ನಾಯಿ ಅವನ ಹೆಂಡತಿಯ ಅಣ್ಣನನ್ನು ಹೋಲಿತು. ಅವನು ಮರುದಿನವೇ ಆ ಭಾವನ ಮನೆಗೆ ಎದೆ ಸೆಟೆಸಿಕೊಂಡು ಹೋಗಿ, ಹತ್ತು ವರ್ಷದ ಹಿಂದೆ ಅವರು ಒಯ್ದು ಇಟ್ಟುಕೊಂಡಿದ್ದ ಹಿತ್ತಾಳೆ ಹಂಡೆಯನ್ನು ಹೊತ್ತು ತಂದ. ನಾಯಿ ಕಂಡರೆ ಮಾತ್ರ ಇಂದಿಗೂ ಅಡ್ಡಸಂದಿ ಹಿಡಿಯುತ್ತಾನೆ. ಅದೊಂದನ್ನು ನಾನು ನನ್ನ ಯಶಸ್ಸುಗಳ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದೇನೆ.

ಈಚೆಗೆ ಊರು ನೋಡಲು ಹೊರಗಿನವರು ಬರುತ್ತಾರೆ. ಜಗತ್ತಿನ ವಿಚಿತ್ರ ಊರುಗಳದೊಂದು ಪುಸ್ತಕ ಇದೆಯಂತೆ. ಓರೆಯಾಗಿ ನಿಂತ ಗೋಪುರ, ಖಾಲಿ ಬಾಟಲಿಗಳಿಂದ ಕಟ್ಟಿದ ಗುಡಿ, ಮರಳಿನಲ್ಲಿ ಮೂಗು ಕೆಳಗಾಗಿ ನೆಟ್ಟ ಕಾರುಗಳು, ಮನೆಯಷ್ಟು ಎತ್ತರದ ಕಲ್ಲಿನ ಹೆಬ್ಬೆರಳು, ಇವುಗಳ ನಡುವೆ ನನ್ನ ಅರಳಿ ಎಲೆ. ಕ್ಯಾಮರಾ ಹೊತ್ತ ಒಬ್ಬ ಮನುಷ್ಯ ನನ್ನ ನಾಯಿಯ ಮುಂದೆ ಅರ್ಧ ಗಂಟೆ ನಿಂತು, ಈ ಕಲಾವಿದ ವಾಸ್ತವವನ್ನು ಧಿಕ್ಕರಿಸಿದ್ದಾನೆ ಎಂದ. ನಾನು ಆ ದಿನ ಊಟಕ್ಕೆ ಕೂತಾಗ ಆ ಮಾತನ್ನು ಮೂರು ಸಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆಯೆತ್ತದೆ, ವಾಸ್ತವವೇ ನಿಮ್ಮನ್ನು ಧಿಕ್ಕರಿಸಿ ಎಷ್ಟೋ ವರ್ಷ ಆಯಿತು, ಪಲ್ಯ ಹಾಕಿಕೊಳ್ಳಿ ಎಂದಳು.

ಹೆಂಡತಿಯ ಹೆಸರು ನೀಲಗಂಗವ್ವ. ಹೊಳೆದಂಡೆಯ ಊರಿನವಳು. ನಮ್ಮೂರಲ್ಲಿ ಹೊಳೆಯಿಲ್ಲ, ಬಾವಿ ಇದೆ. ಮದುವೆಯಾದ ಹೊಸದರಲ್ಲಿ ಅವಳು ಬೆಳಗ್ಗೆ ಎದ್ದವಳೇ ಹಿತ್ತಲ ಬಾಗಿಲು ತೆಗೆದು, ನೀರು ಕಾಣದೆ, ಮುಖ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಿದ್ದಳು. ಆಗ ನನಗೆ ಇಪ್ಪತ್ತೈದು, ತಲೆ ತುಂಬ ಕೂದಲು, ಬಾಯಿ ತುಂಬ ಮಾತು. ಅಡುಗೆಮನೆಯ ಮೂಡಣ ಗೋಡೆಯ ಮೇಲೆ ನಿನಗೊಂದು ಹೊಳೆ ಬರೆದುಕೊಡುತ್ತೇನೆ, ಬೊಟ್ಟಿಲ್ಲದ್ದು, ಬರೀ ನೋಡುವುದಕ್ಕೆ ಎಂದೆ. ಅವಳು ಆ ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಪ್ರತಿ ದೀಪಾವಳಿಗೆ ಅದೊಂದಕ್ಕೆ ಎರಡು ಸಲ ಸುಣ್ಣ. ಹೊಗೆ ತಾಕಬಾರದೆಂದು ಒಲೆಯನ್ನೇ ಎದುರು ಮೂಲೆಗೆ ಸರಿಸಿದಳು. ಸೌಟು, ಜರಡಿ, ಮೊರ ಎಲ್ಲ ನೆಲದ ಮೇಲೆ ಕಾಲಿಗೆ ತೊಡರುತ್ತಿದ್ದವು. ನಾನು ಯುಗಾದಿಗೆ ಎಂದೆ, ಪಂಚಮಿಗೆ ಎಂದೆ, ಮಗಳು ಹುಟ್ಟಲಿ ಎಂದೆ, ಮಗಳ ಮದುವೆಯಾಗಲಿ ಎಂದೆ. ಮಗಳು ಗಂಡನ ಊರಿಗೆ ಹೋಗಿ ಅವಳಿಗೇ ಮಕ್ಕಳಾದವು. ಮೂವತ್ತೊಂದು ವರ್ಷ ಆ ಗೋಡೆ ಬೆಳ್ಳಗೆ ನಿಂತು ನನ್ನನ್ನು ನೋಡುತ್ತಿತ್ತು. ನಾನು ಅದರ ಕಡೆ ಬೆನ್ನು ಹಾಕಿ ಉಣ್ಣುವುದನ್ನು ಕಲಿತೆ.

ಹೋದ ವರ್ಷ ಅವಳ ತಂಗಿ ಕಾಶವ್ವ ತವರೂರಲ್ಲಿ, ಹೊಳೆಯ ದಂಡೆಗೇ ಒಂದು ಖಾನಾವಳಿ ಇಟ್ಟಳು. ಜನ ತಡೆಯದಷ್ಟು ಬರುತ್ತಾರೆ, ನಿನ್ನ ಕೈಯ ರೊಟ್ಟಿ ನನ್ನ ಕೈಯ ಪಲ್ಯ ಸೇರಿದರೆ ಸಾಕು, ಬಂದುಬಿಡು ಅಕ್ಕ ಎಂದು ಫೋನಿನ ಮೇಲೆ ಫೋನು. ನೀಲಗಂಗವ್ವ ನನ್ನ ಹತ್ತಿರ ಜಗಳವಾಡಲಿಲ್ಲ. ಹೋಗಬೇಕು ಅನ್ನಿಸಿದೆ, ಹೋಗಿ ಅಲ್ಲೇ ಇರುತ್ತೇನೆ ಎಂದಳು. ನಾನೂ ದೊಡ್ಡ ಮನುಷ್ಯನಂತೆ, ಹೋಗು, ನನಗೇನು ಅನ್ನ ಬೇಯಿಸಿಕೊಳ್ಳಲು ಬರುವುದಿಲ್ಲವೇ ಎಂದೆ. ನನಗೆ ಬರುವುದಿಲ್ಲ. ಅವಳು ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದಳು. ಹಾಲಿಗೆ ಹೆಪ್ಪು ಹಾಕಿರಲಿಲ್ಲ ಎಂದು ವಾಪಸು ಬಂದಳು. ಮುಂದಿನ ವಾರ ಮತ್ತೆ ಹೋದಳು, ನಾನು ಅಂಗಿಯನ್ನು ಒಳಹೊರಗಾಗಿ ಹಾಕಿಕೊಂಡು ಬೀದಿಗೆ ಹೋಗುತ್ತೇನೆಂದು ನೆನಪಾಗಿ ಬಂದಳು. ಮೂರನೆಯ ಸಲ ಯಾವ ನೆಪವೂ ಇರಲಿಲ್ಲ. ಬಂದು ಕಟ್ಟೆಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಕಣ್ಣಲ್ಲಿ ನೀರು. ಸಿಟ್ಟು ನನ್ನ ಮೇಲಲ್ಲ, ತನ್ನ ಕಾಲುಗಳ ಮೇಲೆ. ನನಗೆ ಒಳಗೊಳಗೇ ಖುಷಿ. ನೋಡಿ, ನನ್ನಂಥ ಗಂಡನನ್ನು ಬಿಟ್ಟು ಹೋಗುವುದು ಅಷ್ಟು ಸುಲಭವೇ ಎಂದು ಮೀಸೆಯ ಮೇಲೆ ಕೈಯಾಡಿಸಿಕೊಂಡು ಒಳಗೆ ಹೋದೆ. ಅವಳಿಗೆ ಒಂದು ಲೋಟ ನೀರು ಕೊಡಬೇಕೆಂದು ಕೂಡ ಹೊಳೆಯಲಿಲ್ಲ.

ಮರು ಸೋಮವಾರ, ಗಿರಾಕಿಗಳು ಕೂರುವ ನನ್ನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಮೊದಲನೆಯವನು ಚಹಾ ಬಿಡುವವನು. ಅವನ ಮಾತು ಮುಗಿಸಿ ಕಳಿಸಿ, ಮಸಿ ಕಲಸುತ್ತ, ತಲೆಯೆತ್ತದೆ, ಏನು ಬಿಡಿಸಬೇಕು ಎಂದೆ.

"ನಿಮ್ಮನ್ನ ಬಿಡಸ್ರಿ," ಎಂದಳು ನೀಲಗಂಗವ್ವ.

ನಾನು ನಕ್ಕೆ. ಅವಳು ನಗಲಿಲ್ಲ. ಬೇರೆ ಗಿರಾಕಿಗಳು ಹೇಳುವಷ್ಟೇ ನೆಟ್ಟಗೆ ಹೇಳಿದಳು. ಇಲ್ಲಿ ಇದ್ದರೆ ಮನಸ್ಸು ಹೊಳೆಯ ಹತ್ತಿರ, ಬಸ್ ಹತ್ತಲು ಹೋದರೆ ಕಾಲು ಇಲ್ಲಿ. ಹೀಗೆ ಎರಡೂ ಕಡೆ ಅರ್ಧರ್ಧ ಇದ್ದು ಸಾಕಾಗಿದೆ. ಹಿಡಿದದ್ದು ನೀವೇ, ಬಿಡಿಸುವವರೂ ನೀವೇ, ಬೇರೆ ಯಾರ ಹತ್ತಿರ ಹೋಗಲಿ ಎಂದಳು. ಬೆಂಚಿನ ಮೇಲೆ ಕೂತವರನ್ನು ಬಿಡಿಸದೆ ಕಳಿಸಬಾರದೆಂಬುದು ನಮ್ಮ ಮನೆತನದ ನೇಮ. ಕಳ್ಳ ಬರಲಿ, ಪೋಲೀಸ ಬರಲಿ, ಅಪ್ಪ ಯಾರನ್ನೂ ತಿರುಗಿಸಿದವನಲ್ಲ. ಜನ ನಗುತ್ತಾರೆ ಎಂದೆ. ಜನಕ್ಕೆ ರೂಢಿಯಾಗಿದೆ ಎಂದಳು.

ನನಗೆ ಭಯವಾಯಿತು. ಮುಚ್ಚುಮರೆ ಏಕೆ, ಕಲಸಿದ ಮಸಿಯನ್ನೇ ಮತ್ತೆ ಕಲಸಿದೆ. ಅವಳಿಲ್ಲದ ಮನೆ ಹೇಗಿರುತ್ತದೆಂದು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಯೋಚಿಸಿದವನಲ್ಲ ನಾನು. ಒಂದೇ ಧೈರ್ಯವೆಂದರೆ ನನ್ನ ಕೈ. ಜನ್ಮವಿಡೀ ನನಗೆ ಕೈಕೊಟ್ಟ ಕೈ ಈ ಒಂದು ಸಲ ಕೈಹಿಡಿದೀತು ಎಂದುಕೊಂಡೆ. ಆಮೇಲೆ ಅದೂ ಭಯವಾಯಿತು. ಬರೆದದ್ದು ನನ್ನನ್ನು ಹೋಲದೆ, ತೀರಿಕೊಂಡ ಅವಳ ಅಪ್ಪನನ್ನು ಹೋಲಿದರೆ? ಅಪ್ಪನ ನೆನಪೇ ಅವಳಿಂದ ಬಿಟ್ಟುಹೋಗುತ್ತದೆ. ಬೇಕೆಂದು ಕೆಟ್ಟದಾಗಿ ಬರೆಯಲು ನನಗೆ ಧೈರ್ಯ ಸಾಲಲಿಲ್ಲ. ಹಾಗಾಗಿ ನಮ್ಮ ಮನೆಯ ಬೀದಿಗೋಡೆಯ ಎಡಭಾಗದಲ್ಲಿ, ಕಿಟಕಿಗೆ ಕನ್ನಡಿ ನೇತುಹಾಕಿ, ಪ್ರಾಮಾಣಿಕವಾಗಿ ಬರೆಯತೊಡಗಿದೆ.

ಪ್ರಾಮಾಣಿಕವಾಗಿ ಎಂದೆ, ಅಲ್ಲವೇ? ಹೆತ್ತವರಿಗೆ ಹೆಗ್ಗಣ ಮುದ್ದು. ಕನ್ನಡಿಯಲ್ಲಿ ಬೋಳುತಲೆ ಕಾಣುತ್ತಿತ್ತು, ಬಿಸಿಲಿನ ಹೊಳಪು ಎಂದುಕೊಂಡೆ. ಗಲ್ಲದ ಕೆಳಗೆ ಇನ್ನೊಂದು ಗಲ್ಲ ಕಾಣುತ್ತಿತ್ತು, ನೆರಳು ಎಂದುಕೊಂಡೆ. ಹೊಟ್ಟೆಯನ್ನು ಬರೆಯುವ ಪ್ರಸಂಗ ಬರದಂತೆ ಎದೆಗೇ ನಿಲ್ಲಿಸಿದೆ. ಕೂದಲಿಗೆ ಮಾತ್ರ ಒಂದು ದಿನ ಪೂರ್ತಿ ಕೊಟ್ಟೆ. ಮೂರನೆಯ ದಿನ ಮಧ್ಯಾಹ್ನ ಹಿಂದೆ ಸರಿದು ನೋಡಿದರೆ ಗೋಡೆಯ ಮೇಲೆ ಒಬ್ಬ ಚೆಲುವ ನಿಂತಿದ್ದ. ನಾನು ಬರೆದದ್ದರಲ್ಲಿ ಮೂಗು ಮೂಗಿನ ಜಾಗದಲ್ಲೇ ಬಂದದ್ದು ಅದೇ ಮೊದಲು. ಹೆಂಡತಿ ಹೋಗುತ್ತಾಳೆಂಬುದು ಒಂದು ಗಳಿಗೆ ಮರೆತೇಹೋಗಿ, ಬಾ, ನೋಡು ಬಾ ಎಂದು ಕರೆದೆ.

ಅವಳು ಕೈಯ ಹಿಟ್ಟು ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದಳು. ಮುಖ ಮೆತ್ತಗಾಯಿತು. "ಹಿಂಗ ಇದ್ರಿ ನೀವು," ಎಂದಳು. ಮಸಿಯಲ್ಲಿ ಬೆರಳು ಅದ್ದಿ ಬಲಗಣ್ಣಿನಲ್ಲಿ ಬೊಟ್ಟು ಇಟ್ಟಳು. ನಾನು ಹೊಗಳಿಕೆ ಎಂದು ತಿಳಿದು ಉಬ್ಬಿದೆ. ಗುರುಪಾದಪ್ಪ ಮಾಸ್ತರರ ಹೆಂಡತಿಗಾದರೆ ತಕ್ಷಣ ಗೊತ್ತಾಗುತ್ತಿತ್ತು, ಅದು ಭೂತಕಾಲ.

ಮರುದಿನ ಬೆಳಗ್ಗೆ ಠಕ್ ಠಕ್ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಗೆ ಹೋದರೆ ನೀಲಗಂಗವ್ವ ಮೂಡಣ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಆಗಲೇ ಸೌಟು ತೂಗುತ್ತಿತ್ತು, ಜರಡಿ ತೂಗುತ್ತಿತ್ತು, ಮೊರಕ್ಕೆ ಇನ್ನೊಂದು ಮೊಳೆ ಹುಡುಕುತ್ತಿದ್ದಳು. ಇಷ್ಟು ಒಳ್ಳೆಯ ಗೋಡೆಯನ್ನು ಇಷ್ಟು ವರ್ಷ ಏಕೆ ಸುಮ್ಮನೆ ಬಿಟ್ಟಿದ್ದೆನೋ ಎಂದು ನನ್ನನ್ನೇ ಕೇಳಿದಳು. ಅಣಕವಲ್ಲ, ನಿಜವಾಗಿ ಕೇಳಿದಳು. ನನ್ನ ಎದೆಯಲ್ಲಿ ಯಾರೋ ಹಾರೆ ಹಾಕಿದಂತಾಯಿತು. ಹೊಳೆ ಬರೆದುಕೊಡುತ್ತೇನೆ ಎಂದ ಆ ಇಪ್ಪತ್ತೈದರ ಹುಡುಗ ಅವಳಿಂದ ಬಿಟ್ಟುಹೋಗಿದ್ದ. ಮೂವತ್ತೊಂದು ವರ್ಷ ಅವಳು ಕಾದದ್ದು ಅವನಿಗೆ, ನನಗಲ್ಲ. ನಾನೇ ಕೈಯಾರೆ, ಕೂದಲು ಸಮೇತ, ಅವನನ್ನು ಕಳಿಸಿದ್ದೆ.

ಆಮೇಲಿನ ನಾಲ್ಕು ದಿನ ಮನೆ ಬಹಳ ಶಾಂತವಾಗಿತ್ತು. ಹೊತ್ತಿಗೆ ಸರಿಯಾಗಿ ರೊಟ್ಟಿ, ಹೊತ್ತಿಗೆ ಸರಿಯಾಗಿ ಚಹಾ. ಬೈಗುಳವಿಲ್ಲ. ನಾನು ಬೇಕೆಂದೇ ಅಂಗಿಯನ್ನು ಒಳಹೊರಗಾಗಿ ಹಾಕಿಕೊಂಡು ಅವಳ ಮುಂದೆ ಎರಡು ಸಲ ಓಡಾಡಿದೆ. ನೋಡಿದಳು, ಸುಮ್ಮನಾದಳು. ಅವಳ ಬೈಗುಳದಲ್ಲಿ ಇನ್ನೂ ನಾನು ಸುಧಾರಿಸಿಯೇನು ಎಂಬ ಆಸೆ ಇತ್ತೆಂದು ನನಗೆ ತಿಳಿದದ್ದು ಆವತ್ತು. ಊರಿನಲ್ಲಿ ಆ ಅಂಗಿ ನೋಡಿ ನಗದವರಿಲ್ಲ, ಆದರೆ ಯಾರ ನಗುವೂ ಅವಳ ಬೈಗುಳಕ್ಕೆ ಸಮನಾಗಲಿಲ್ಲ. ಇಷ್ಟಾದರೂ ಅವಳು ಹೋಗಿರಲಿಲ್ಲ. ಚೀಲ ಮೂಲೆಯಲ್ಲೇ ಇತ್ತು.

ಐದನೆಯ ದಿನ ಬೆಳಗ್ಗೆ ನಾನು ಒಂದು ಹೀನ ಕೆಲಸಕ್ಕೆ ಹೊರಟೆ. ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು, ಬೀದಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಆ ಚೆಲುವನ ಮೇಲೆ ಬಳಿದುಬಿಡೋಣ ಎಂದು ಹೋದೆ. ಅವನು ಮರಳಿ ಬಂದರೆ ಬೈಗುಳ ಮರಳಿ ಬರುತ್ತದೆ, ಗೋಡೆಯ ಮೊಳೆ ಕಿತ್ತುಬರುತ್ತವೆ. ಪಂಚಾಯ್ತಿಯವರು ಏನಾದರೂ ಮಾಡಿಕೊಳ್ಳಲಿ. ಮೂಲೆ ತಿರುಗಿದರೆ ಚಿತ್ರದ ಮುಂದೆ ನೀಲಗಂಗವ್ವ ನಿಂತಿದ್ದಾಳೆ. ನನ್ನ ಕೈಯ ಬಕೆಟ್ಟನ್ನು ನೋಡಿದಳು. ನಾನು ಎಡಕ್ಕೆ ನೋಡಿ, ಇದು ದನದ ಕೊಟ್ಟಿಗೆಗೆ ಎಂದೆ. ನಮ್ಮಲ್ಲಿ ದನವಿಲ್ಲ.

"ಕೆಲಸ ಅರ್ಧ ಆಗೇತ್ರಿ," ಎಂದಳು. "ಹುಡುಗ ಹೋದ. ಮುದುಕರು ಹಂಗ ಉಳದಾರ. ಮನಸು ಹಗುರ ಆಗೇತಿ, ಕಾಲು ಇನ್ನೂ ಏಳವಲ್ದು." ಆಮೇಲೆ ಬಕೆಟ್ಟಿನ ಕಡೆ ಕೈ ತೋರಿಸಿ, ಸುಣ್ಣ ತಂದದ್ದು ಒಳ್ಳೆಯದಾಯಿತು, ಗೋಡೆಯ ಬಲಭಾಗ ಖಾಲಿಯಿದೆ, ಅದನ್ನು ಬೆಳ್ಳಗೆ ಮಾಡಿ ಸರಿಯಾದದ್ದನ್ನು ಬಿಡಿಸಿಕೊಡಿ ಎಂದಳು. ತಪ್ಪಿದ ಚಿತ್ರವನ್ನು ಮತ್ತೆ ಬಿಡಿಸಿಕೊಡುವುದೂ ನಮ್ಮ ನೇಮವೇ. ನನ್ನ ಕಾಲದಲ್ಲಿ ಬಹಳ ಬಳಕೆಯಾದ ನೇಮ ಅದು.

ಈ ಸಲ ಕನ್ನಡಿ ಬೇಡವೆಂದಳು. ಮಣೆ ಹಾಕಿಕೊಂಡು ನನ್ನ ಹಿಂದೆ ಕೂತು ತಾನೇ ಹೇಳತೊಡಗಿದಳು. ತಲೆಯ ಮೇಲೆ ಕೂದಲು ಬೇಡ, ಕಿವಿಯೊಳಗೆ ಎರಡು ಹಾಕಿ. ಕೆಳತುಟಿ ಇನ್ನಷ್ಟು ಜೋಲಲಿ. ಎಡಭುಜ ಬಲಭುಜಕ್ಕಿಂತ ಕೆಳಗೆ, ಏಣಿ ಹೊತ್ತು ಹೊತ್ತು ಹಾಗಾದದ್ದು. ಹೊಟ್ಟೆ ಬರಲಿ, ನಾಚಿಕೆ ಬೇಡ, ಅದನ್ನು ಬೆಳೆಸಿದ್ದು ನನ್ನ ರೊಟ್ಟಿ. ಬಲಗೈ ಹೆಬ್ಬೆರಳಿನ ಮೇಲಿನ ಸುಟ್ಟ ಕಲೆ, ಮಗಳಿಗೆ ಜ್ವರ ಬಂದ ವರ್ಷ ಕಷಾಯ ಕಾಯಿಸಲು ಹೋಗಿ ಆದದ್ದು. ಆ ಕಲೆ ಇದೆಯೆಂದು ನನಗೇ ನೆನಪಿರಲಿಲ್ಲ. ಎರಡು ದಿನ ಅವಳು ಹೇಳಿದಳು, ನಾನು ಬರೆದೆ. ದೇವರಾಣೆ, ಕೆಟ್ಟದಾಗಿ ಬರಲಿ ಎಂದು ಒಳಗೊಳಗೆ ಬೇಡಿಕೊಳ್ಳುತ್ತ ಬರೆದೆ, ಕೈ ಕೇಳಲಿಲ್ಲ. ಮೂವತ್ತು ವರ್ಷ ಒಂದು ಎಲೆ ಬರೆಯಲು ಬಾರದ ಕೈ, ಬೇಡ ಬೇಡವೆಂದರೂ ನನ್ನನ್ನು ಇದ್ದ ಹಾಗೆ ಬರೆಯಿತು. ಹೋಗಿಬರುವವರೆಲ್ಲ ನಿಂತು, ಅರೆ, ವಿರೂಪಾಕ್ಷಪ್ಪ ಎಂದರು. ನನ್ನ ಕೆಲಸವನ್ನು ಊರು ಗುರುತು ಹಿಡಿದದ್ದು ಅದೇ ಮೊದಲು.

ಕಣ್ಣುಗಳು ಉಳಿದವು. ಎಡಗಣ್ಣಿನ ಬೊಟ್ಟು ನಾನೇ ಇಡಬೇಕು, ಬಲಗಣ್ಣಿನದು ಅವಳದು. ಎಲ್ಲಿ ಇಡಲಿ ಎಂದೆ.

"ಮೂಲ್ಯಾಗ ಇಡ್ರಿ. ಸುಳ್ಳು ಹೇಳೂ ಮುಂದ ನೀವು ಎಡಕ್ಕ ನೋಡ್ತೀರಿ," ಎಂದಳು.

ಇಟ್ಟೆ. ಅವಳು ಎದ್ದು ಬಂದು ಮಸಿಬಟ್ಟಲಲ್ಲಿ ಬೆರಳು ಅದ್ದಿದಳು. ಆ ಗಳಿಗೆಯಲ್ಲಿ ನನ್ನ ಬಾಯಿಂದ, ಹೋಗಬೇಡ ಎಂಬ ಮಾತು ಬಂತು. ಮೂವತ್ತೊಂದು ವರ್ಷದಲ್ಲಿ ನಾನು ಅವಳನ್ನು ಏನನ್ನಾದರೂ ಬೇಡಿದ್ದು ಅದೇ ಇರಬೇಕು, ಉಪ್ಪಿನಕಾಯಿ ಬಿಟ್ಟರೆ. ಅವಳು ಬೆರಳನ್ನು ಹಾಗೆಯೇ ಹಿಡಿದು ನನ್ನ ಕಡೆ ತಿರುಗಿದಳು.

"ಒಂದು ಮಾತು ಕೇಳ್ತೇನಿ. ನನಗ ಹೊಳಿ ಯಾಕ ಬಿಡಸಲಿಲ್ಲ ನೀವು?"

ಅಂದರೆ ಆ ಮಾತು ಅವಳಿಗೆ ನೆನಪಿತ್ತು. ಆಸೆ ಮಾತ್ರ ಬಿಟ್ಟುಹೋಗಿತ್ತು. ಬಿಡುವಿರಲಿಲ್ಲ ಎನ್ನಲು ಬಾಯಿ ತೆರೆದೆ, ಗಾರೆ ಸರಿಯಿರಲಿಲ್ಲ ಎನ್ನಲು ತೆರೆದೆ. ಗೋಡೆಯ ಮೇಲಿನ ಆ ಮುದುಕ ಎಡಕ್ಕೆ ನೋಡುತ್ತಿದ್ದ. ಅವನನ್ನು ಎದುರಿಗಿಟ್ಟುಕೊಂಡು ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

"ಅಂಜಿಕಿ," ಎಂದೆ. "ನೀ ಹೊಳಿ ನೋಡಿ ಬೆಳದಾಕಿ. ನಾ ಬರದದ್ದು ಗಟಾರ ಆಗಿದ್ರ ಏನು ಮಾಡ್ತಿದ್ದಿ. ಊರಿಗೆ ಕೆಟ್ಟದ್ದು ಬರದ್ರ ನಡೀತದ. ನಿನಗ ಬರ್ಯಾಕ ಅಂಜಿಕಿ ಬರ್ತಿತ್ತು."

ಅವಳ ಬೆರಳಿನ ಮಸಿ ಒಂದು ಹನಿಯಾಗಿ ಕೆಳಗೆ ಬಿತ್ತು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಗೋಡೆಯನ್ನು. ಆಮೇಲೆ ಆ ಬೆರಳನ್ನು ನನ್ನ ಹೆಗಲ ಮೇಲಿನ ಟವೆಲ್ಲಿಗೆ ನಿಧಾನವಾಗಿ, ಉಗುರಿನ ಸಂದಿಯನ್ನೂ ಬಿಡದೆ ಒರೆಸಿಕೊಂಡಳು.

"ಒಂದು ಕಣ್ಣು ಸುಳ್ಳು ಹೇಳಾಕತ್ತೇತಿ," ಎಂದಳು. "ಇನ್ನೊಂದು ಏನು ಹೇಳ್ತದೋ ನಾ ಇನ್ನೂ ನೋಡಿಲ್ಲ. ನೋಡಿ ಆಮ್ಯಾಲೆ ಬಿಡ್ತೇನಿ, ಇರ್ಲಿ."

ಕಥೆ ಇಲ್ಲಿಗೆ ಮುಗಿದು ನಾವು ಸುಖವಾಗಿದ್ದೆವು ಎಂದುಕೊಂಡರೆ ನೀವೂ ನನ್ನಷ್ಟೇ ಬುದ್ಧಿವಂತರು. ಅವಳು ಒಳಗೆ ಹೋಗಿ ಚೀಲ ಎತ್ತಿಕೊಂಡು ಹನ್ನೊಂದರ ಬಸ್ಸಿಗೆ ಹೊರಟೇಬಿಟ್ಟಳು. ಈ ಸಲ ಕಾಲು ಎದ್ದವು. ಹಿಡಿದದ್ದು ಏನೆಂದು ಗೊತ್ತಾದ ಮೇಲೆ ಅಷ್ಟು ಭಾರವಿಲ್ಲ ಎಂದು ಬಸ್ಸಿನ ಕಿಟಕಿಯಿಂದ ಹೇಳಿದಳು. ಅಂಗಿ ತಿರುವಿ ಹಾಕಿಕೊಳ್ಳಿ ಎಂದೂ ಹೇಳಿದಳು. ಆ ಎರಡನೆಯ ಮಾತಿಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಅತ್ತೆ. ಹದಿನೈದು ದಿನ ಅನ್ನ ಬೇಯಿಸಿದೆ. ಮೊದಲ ವಾರದ್ದನ್ನು ಗುರುಪಾದಪ್ಪ ಮಾಸ್ತರರ ಮನೆಯ ಎಮ್ಮೆ ಕೂಡ ಮೂಸಿ ಬಿಟ್ಟಿತು. ಅಮಾವಾಸ್ಯೆಯ ದಿನ ಅವಳು ಒಂದು ತಂಬಿಗೆ ಹೊಳೆನೀರು ಹಿಡಿದು ಬಸ್ಸಿಳಿದು ಬಂದಳು. ಅಂದಿನಿಂದ ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ.

ಅವಳಿಲ್ಲದ ದಿನಗಳಲ್ಲಿ ನಾನು ಅಡುಗೆಮನೆಯ ಗೋಡೆಯ ಮೇಲೆ, ಮೊಳೆಗಳ ಸಂದಿಯಲ್ಲಿ, ಹೊಳೆ ಬರೆಯುತ್ತಿದ್ದೇನೆ. ಸೌಟು ಅಡ್ಡ ಬಂದಲ್ಲಿ ಹೊಳೆಯನ್ನು ಬಳಸಿ ಹರಿಸುತ್ತೇನೆ. ಇದು ಹೊಳೆಯೋ, ಒಣಗಹಾಕಿದ ಸೀರೆಯೋ ಎಂದು ಅವಳು ಕೇಳಿದಳು. ಒರೆಸಲಾ ಎಂದೆ. ಬೇಡವೆಂದಳು. ರೊಟ್ಟಿ ಬಡಿಯುವ ಕಲ್ಲನ್ನು ಆ ಕಡೆಗೆ ಮುಖ ಮಾಡಿ ಇಟ್ಟುಕೊಂಡಿದ್ದಾಳೆ.

ಕ್ಯಾಮರಾದವರು ಈಗಲೂ ಬರುತ್ತಾರೆ. ನಮ್ಮ ಗೋಡೆಯ ಎಡಕ್ಕಿರುವ ಚೆಲುವನ ಫೋಟೋ ಹೊಡೆದುಕೊಂಡು, ಯಾರಿವನು ಎಂದು ನನ್ನನ್ನೇ ಕೇಳುತ್ತಾರೆ. ಬಲಕ್ಕಿರುವ ಮುದುಕನನ್ನು ನೋಡಿ, ಇದು ಅರ್ಧಕ್ಕೇ ನಿಂತಿದೆ, ಒಂದು ಕಣ್ಣು ಖಾಲಿ ಎಂದು ಮುಂದೆ ಹೋಗುತ್ತಾರೆ. ನಾನೂ ಹೌದೆನ್ನುತ್ತೇನೆ, ಬರೆದವನಿಗೆ ಕಣ್ಣು ಬಿಡಿಸಲು ಬರುವುದಿಲ್ಲ ಎನ್ನುತ್ತೇನೆ. ನೀಲಗಂಗವ್ವ ಮಾತ್ರ ಪ್ರತಿ ಸಲ ಬಸ್ಸಿಳಿದು ಬಂದವಳೇ, ಮನೆಯೊಳಗೆ ಬರುವ ಮೊದಲು ಅವನ ಮುಂದೆ ನಿಂತು ಆ ಖಾಲಿ ಕಣ್ಣನ್ನು ನೋಡುತ್ತಾಳೆ. ನಾನು ಬಾಗಿಲಲ್ಲಿ ಉಸಿರು ಹಿಡಿದು ನಿಂತಿರುತ್ತೇನೆ. ಕಡೆಯ ಬೊಟ್ಟಿಗೆ ಮಸಿ ಯಾವಾಗ ಕೇಳಿದರೂ ಕೊಡಬೇಕಾದದ್ದು ಮನೆತನದ ನೇಮ, ಆದ್ದರಿಂದ ಮಸಿಬಟ್ಟಲನ್ನು ತುಂಬಿಸಿಯೇ ಇಟ್ಟಿದ್ದೇನೆ. ಅವಳ ಕೈಗೆ ಎಟುಕದಂತೆ ಅಟ್ಟದ ಮೇಲೆ ಇಟ್ಟಿದ್ದೇನೆ. ಏಣಿ ಎಲ್ಲಿದೆಯೆಂದು ಅವಳಿಗೆ ಗೊತ್ತು. ಇದುವರೆಗೆ ಕೇಳಿಲ್ಲ.